ಎಣ್ಣೆ ಸೋರುವ ಯಂತ್ರವೂ ಜೇಬು ಸೋರಿಸುವ ವಾದವೂ

"ಯಂತ್ರ ಹಳತಾಯಿತು, ಎಣ್ಣೆ ಸೋರುತ್ತದೆ, ಗುಜರಿಗೆ ಹಾಕಿ ಹೊಸದು ತನ್ನಿ" ಎಂಬ ಉಪದೇಶ ನಮ್ಮ ನಾಲ್ಕು ತಾಲ್ಲೂಕುಗಳಲ್ಲೂ ಈಗ ಪುಕ್ಕಟೆಯಾಗಿ ಹಂಚಲ್ಪಡುತ್ತಿದೆ. ಕೋಲಾರದಲ್ಲಿ ಕೇಳಿದರೂ ಇದೇ ಮಾತು, ಮುಳಬಾಗಿಲಿನಲ್ಲಿ ಕೇಳಿದರೂ ಇದೇ ಮಾತು. ಮಾಲೂರಿನ ಹಿಪ್ಪುನೇರಳೆ ತೋಟದಲ್ಲಿ ಉಳುವ ಟಿಲ್ಲರಿಗೂ ಇದೇ ಮದ್ದು, ಶ್ರೀನಿವಾಸಪುರದ ಮಾವಿನ ತೋಪಿನ ಚಿಕ್ಕ ಟ್ರ್ಯಾಕ್ಟರಿಗೂ ಇದೇ ಮದ್ದು. ಪುಕ್ಕಟೆ ಸಿಗುವ ಮದ್ದನ್ನು ಕುಡಿಯುವ ಮುನ್ನ ಅದನ್ನು ಅರೆದವರು ಯಾರೆಂದು ನೋಡುವುದು ಜಾಣತನ. ಈ ಉಪದೇಶ ಮಾಡುವ ಮಹನೀಯರು ಯಾರು? ಹೊಸ ಯಂತ್ರ ಮಾರುವವರು, ಅದಕ್ಕೆ ಸಾಲ ಕೊಡುವವರು, ಸಾಲ ಕೊಡಿಸಿದ್ದಕ್ಕೆ ಕಮಿಷನ್ ಪಡೆಯುವವರು. ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ಬಗ್ಗಿ ನೋಡಿದವರು ಇವರಲ್ಲಿ ಒಬ್ಬರಾದರೂ ಇದ್ದಾರೆಯೇ?

ಮಿಲ್ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಓದುವ ಪತ್ರಿಕೆಯಲ್ಲಿ ಟಿಲ್ಲರಿನ ಮಾತೇಕೆ ಎಂದು ಕೆಲವರು ಕೇಳಬಹುದು. ಕೇಳಲಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆಯ ಬಸ್ಸಿಗೆ ಊರಿಗೆ ಹೋಗುವ ಕಾರ್ಮಿಕನಿಗೆ ಅಲ್ಲೊಂದು ಎಕರೆ ಹೊಲವಿದೆ. ಅದನ್ನು ಉಳುವುದು ಅಣ್ಣನದೋ ಭಾವಮೈದುನನದೋ ಹಳೆಯ ಟಿಲ್ಲರು. ತಮ್ಮ ಎಕರೆ ಮುಗಿದ ಮೇಲೆ ಆ ಟಿಲ್ಲರು ನೆರೆಹೊರೆಯವರ ಹೊಲಕ್ಕೆ ಬಾಡಿಗೆಗೆ ಹೋಗುತ್ತದೆ. ಮನೆಯ ಉಪ್ಪು ಹುಣಸೆ ನಡೆಯುವುದು ಆ ಬಾಡಿಗೆಯಿಂದ. ಅದು ನಿಂತರೆ ಸಂಬಳದ ಹಣ ಊರಿಗೆ ಹರಿಯಬೇಕಾಗುತ್ತದೆ. ಇತ್ತ ಸಂತೆಬೀದಿಯಲ್ಲಿ ಸೀಲು, ಬೇರಿಂಗು, ಬೆಲ್ಟು ಇಟ್ಟುಕೊಂಡು ಕುಳಿತ ಅಂಗಡಿಯವನ ಬಾಳೂ ಅದೇ ಹಳೆಯ ಯಂತ್ರಕ್ಕೆ ಅಂಟಿಕೊಂಡಿದೆ. ಹೊಸ ಯಂತ್ರ ಬಂದಷ್ಟೂ ಗಿರಾಕಿ ಷೋರೂಮಿನ ಪಾಲು. ಹೀಗಿರುವಾಗ ಇದು ನಮ್ಮ ಮಾತಲ್ಲದೆ ಮತ್ತಾರ ಮಾತು?

ಈ ಯಂತ್ರ ನಮಗೆ ಪರಕೀಯವೂ ಅಲ್ಲ. ಜಪಾನಿನ ಗದ್ದೆಗಳಿಗೆಂದು ಹುಟ್ಟಿದ ಕೈಟ್ರ್ಯಾಕ್ಟರು ನಮ್ಮ ದೇಶಕ್ಕೆ ಬಂದದ್ದು 1960ರ ದಶಕದಲ್ಲಿ. 1967ರಲ್ಲಿ ಮಿತ್ಸುಬಿಷಿಯ ಸಹಯೋಗದಿಂದ ಬೆಂಗಳೂರಿನಲ್ಲಿ ವಿ.ಎಸ್.ಟಿ. ಕಂಪನಿ ಆರಂಭವಾಯಿತು. ಇಂದು ಅದರ ಟಿಲ್ಲರು ಕಾರ್ಖಾನೆ ಇರುವುದು ಇದೇ ಮಾಲೂರಿನಲ್ಲಿ. ಆ 13 ಅಶ್ವಶಕ್ತಿಯ, ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ ಡೀಸೆಲ್ ಎಂಜಿನ್ನು ಬಿಚ್ಚಿ ಜೋಡಿಸಲು ಬರುವಂಥ ಸರಳ ಯಂತ್ರ. ಅದರಲ್ಲಿ ಗೂಢವಾದದ್ದು ಏನೂ ಇಲ್ಲ. ಕಬ್ಬಿಣ, ಅಲ್ಯುಮಿನಿಯಂ, ರಬ್ಬರು, ಕಾಗದ ಮತ್ತು ಎಣ್ಣೆ. ಕಬ್ಬಿಣ ದಶಕಗಟ್ಟಲೆ ಬಾಳುತ್ತದೆ. ರಬ್ಬರು, ಕಾಗದ ಬಾಳುವುದಿಲ್ಲ. ರಬ್ಬರು ಗಟ್ಟಿಯಾಯಿತೆಂದು ಕಬ್ಬಿಣವನ್ನು ಗುಜರಿಗೆ ಹಾಕು ಎನ್ನುವುದು ಚಪ್ಪಲಿಯ ಉಂಗುಷ್ಠ ಕಿತ್ತಿತೆಂದು ಕಾಲು ಕತ್ತರಿಸು ಎಂದ ಹಾಗೆ.

ಇನ್ನು ಸೋರಿಕೆಯ ವಿಷಯಕ್ಕೆ ಬರೋಣ. ಇಲ್ಲಿ ನಾವು ಸ್ವಲ್ಪ ನಿಧಾನವಾಗಿಯೇ ಮಾತಾಡುತ್ತೇವೆ. ಏಕೆಂದರೆ ಮೋಸ ನಡೆಯುವುದು ಗೊತ್ತಿಲ್ಲದ ಜಾಗದಲ್ಲಿ.

ಎಣ್ಣೆ ಕಂಡ ಜಾಗ ಬೇರೆ, ಸೋರುವ ಜಾಗ ಬೇರೆ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಓಡುವ ಚಕ್ರದ ಗಾಳಿಗೆ ಹಿಂದಕ್ಕೆ ಹಾರುತ್ತದೆ, ಧೂಳಿನೊಡನೆ ಸೇರಿ ಎಲ್ಲೆಲ್ಲಿಯೋ ಕೆಸರಾಗಿ ಕೂರುತ್ತದೆ. ಮೇಲಿನ ಮುಚ್ಚಳದ ಪ್ಯಾಕಿಂಗು ಹೋಗಿದ್ದರೂ ಹನಿ ಬೀಳುವುದು ತಳದ ಬೋಲ್ಟಿನಿಂದ. ಅದನ್ನು ಕಂಡ ಅವಸರದ ಮೆಕ್ಯಾನಿಕ್ಕು ಕ್ರ್ಯಾಂಕಿನ ಸೀಲೇ ಹೋಗಿದೆ ಎಂದು ತೀರ್ಪು ಕೊಟ್ಟು ಎಂಜಿನ್ ಬಿಚ್ಚುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಬರೆಯ ಕೂಲಿ ಮಾತ್ರ ಎತ್ತಿನ ಯಜಮಾನನೇ ಕೊಡಬೇಕು. ಆದ್ದರಿಂದ ಮೊದಲ ಕೆಲಸ ಸ್ಪ್ಯಾನರು ಹಿಡಿಯುವುದಲ್ಲ, ತೊಳೆಯುವುದು. ತಣ್ಣಗಿರುವ ಯಂತ್ರವನ್ನು ಬ್ರಷ್ಷಿನಿಂದ ಡೀಸೆಲ್ ಹಚ್ಚಿ ಉಜ್ಜಿ, ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಅನುಮಾನವಿರುವ ಜಾಗಕ್ಕೆ ಸೀಮೆಸುಣ್ಣದ ಪುಡಿ ಉದುರಿಸಬೇಕು. (ಹಲವು ವರ್ಷ ಶಾಲೆಯಲ್ಲಿ ಸೀಮೆಸುಣ್ಣ ಸವೆಸಿದ ನಮಗೆ ಅದರ ಈ ಉಪಯೋಗ ತಿಳಿದದ್ದು ಸಂಬಳ ಬಿಟ್ಟ ಮೇಲೆ.) ಆಮೇಲೆ ಕಾಲು ಗಂಟೆ ಯಂತ್ರ ಓಡಿಸಿ ನೋಡಬೇಕು. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ ಅದೇ ಸೋರಿಕೆಯ ಮೂಲ. ಅದಕ್ಕೆ ಖರ್ಚು ಅರ್ಧ ಲೀಟರು ಡೀಸೆಲ್ಲು ಮತ್ತು ಒಂದು ಹಳೆಯ ಪಂಚೆಯ ತುಂಡು.

ಸೋರುವ ಎಣ್ಣೆ ಯಾವುದು ಎಂಬುದೂ ಮುಖ್ಯ. ಕಪ್ಪಾಗಿ ತೆಳ್ಳಗಿದ್ದರೆ ಎಂಜಿನ್ನಿನದು. ಮಂದವಾಗಿ, ಗಂಧಕದಂಥ ಘಾಟು ಹೊಡೆದರೆ ಗೇರ್ ಪೆಟ್ಟಿಗೆಯದು. ಎಣ್ಣೆ ಹಾಕದೆಯೇ ಗೇಜಿನ ಕಡ್ಡಿಯಲ್ಲಿ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಇಂಧನ ಒಳಗೆ ಇಳಿಯುತ್ತಿದೆ ಎಂದರ್ಥ. ಆಗ ಯಂತ್ರವನ್ನು ಓಡಿಸಲೇಬಾರದು. ಮಟ್ಟ ಮೀರಿ ಎಣ್ಣೆ ಸುರಿದು, ಆಮೇಲೆ ಸೋರುತ್ತದೆ ಎಂದು ಗೋಳಾಡುವವರೂ ಇದ್ದಾರೆ. ಅವರ ಕಾಯಿಲೆಗೆ ಗೇಜಿನ ಕಡ್ಡಿಯೇ ಔಷಧ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮನುಷ್ಯನಿಗೆ ಹೇಗೋ ಹಾಗೆ ಎಂಜಿನ್ನಿಗೂ ಉಸಿರಾಟವಿದೆ. ಪಿಸ್ಟನ್ನಿನ ಉಂಗುರಗಳ ಸಂದಿನಿಂದ ಹೊಗೆ ಸ್ವಲ್ಪವಾದರೂ ಕೆಳಗಿನ ಕೋಣೆಗೆ ಇಳಿದೇ ಇಳಿಯುತ್ತದೆ. ಅದು ಹೊರಹೋಗಲು ಬ್ರೀದರ್ ಎಂಬ ಸಣ್ಣ ದಾರಿ ಇಟ್ಟಿರುತ್ತಾರೆ. ನಮ್ಮ ಬಯಲುಸೀಮೆಯ ಕೆಂಧೂಳು ಎಣ್ಣೆಯೊಡನೆ ಕಲೆತು ಆ ದಾರಿಯನ್ನು ಗಾರೆಯಂತೆ ಮುಚ್ಚಿಬಿಡುತ್ತದೆ. ಉಸಿರು ಕಟ್ಟಿದ ಎಂಜಿನ್ನು ಏನು ಮಾಡಬೇಕು? ಒಳಗಿನ ಒತ್ತಡ ಎಲ್ಲಿ ಮೆದುವಾದ ಜಾಗವಿದೆಯೋ ಅಲ್ಲಿಂದ ಎಣ್ಣೆಯನ್ನು ಹೊರಗೆ ನೂಕುತ್ತದೆ. ಇಂದು ಈ ಸೀಲು, ಬದಲಾಯಿಸಿದರೆ ನಾಳೆ ಆ ಪ್ಯಾಕಿಂಗು. ನಾಲ್ಕು ಸಲ ಸೀಲು ಹಾಕಿಸಿದರೂ ನಿಲ್ಲದ ಸೋರಿಕೆ ಬ್ರೀದರನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದ ದಿನವೇ ನಿಂತದ್ದನ್ನು ನಾವು ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಕಣ್ಣಾರೆ ಕಂಡಿದ್ದೇವೆ. ಆ ಯಂತ್ರದ ಯಜಮಾನನಿಗೆ ಅದಕ್ಕೆ ಮುಂಚೆ "ಎಂಜಿನ್ ಸತ್ತಿತು" ಎಂದು ಮರಣಪತ್ರ ಬರೆದುಕೊಟ್ಟಿದ್ದರು! ಬ್ರೀದರ್ ತೊಳೆದ ಮೇಲೂ ಅದರಿಂದ ಹೊಗೆ ಬುಸುಬುಸು ಎಂದು ಬರುತ್ತಿದ್ದರೆ ಉಂಗುರಗಳು ಸವೆದಿವೆ ಎಂದು ತಿಳಿಯಬೇಕು. ಅದು ದೊಡ್ಡ ಕೆಲಸ, ಒಪ್ಪೋಣ; ಆದರೂ ಹೊಸ ಯಂತ್ರದ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಸೀಲಿನ ವಿಷಯ. ಪ್ರತಿ ಆಯಿಲ್ ಸೀಲಿನ ಮೈಮೇಲೆ ಮೂರು ಅಂಕಿಗಳಿರುತ್ತವೆ. 35-52-8 ಎಂದಿದ್ದರೆ ದಂಡದ ಗಾತ್ರ 35 ಮಿಲಿಮೀಟರು, ಹೊರಸುತ್ತು 52, ದಪ್ಪ 8. ಈ ಮೂರು ಅಂಕಿ ಗೊತ್ತಿದ್ದರೆ ಯಾವ ಒಳ್ಳೆಯ ಬೇರಿಂಗ್ ಅಂಗಡಿಯಲ್ಲಾದರೂ ಸೀಲು ಕೇಳಬಹುದು. ಗೊತ್ತಿಲ್ಲದಿದ್ದರೆ ಷೋರೂಮಿನವರು ಕೊಟ್ಟದ್ದೇ ಪ್ರಸಾದ. ಹಾಕುವಾಗ ಸ್ಪ್ರಿಂಗು ಇರುವ ತುಟಿ ಎಣ್ಣೆಯ ಕಡೆಗೆ ಇರಬೇಕು. ತುಟಿಗೆ ಗ್ರೀಸು ಸವರಬೇಕು. ದಂಡದ ಕೀಲಿಗಂಡಿಯ ಅಂಚು ತುಟಿಯನ್ನು ಕೊಯ್ಯದಂತೆ ಅದರ ಮೇಲೆ ಟೇಪು ಸುತ್ತಿಕೊಳ್ಳಬೇಕು. ಸುತ್ತಿಗೆಯಿಂದ ಒಂದೇ ಕಡೆ ಬಡಿಯದೆ, ಸರಿಯಾದ ಅಳತೆಯ ಪೈಪಿನ ತುಂಡು ಇಟ್ಟು ಸಮವಾಗಿ ಕೂರಿಸಬೇಕು. ಇಷ್ಟಾದರೂ ಸೋರಿದರೆ ದಂಡದ ಮೇಲೆ ಉಗುರು ಎಳೆದು ನೋಡಿ: ಹಳೆಯ ತುಟಿ ಉಜ್ಜಿ ಉಜ್ಜಿ ಕೊರೆದ ಗೀರು ಉಗುರಿಗೆ ಸಿಗುತ್ತದೆ. ಜಾಗವಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರು ಆಚೆಗೋ ಈಚೆಗೋ ಕೂರಿಸಿದರೆ ಅದು ಸವೆಯದ ಲೋಹದ ಮೇಲೆ ಓಡುತ್ತದೆ. ಜಾಗವಿಲ್ಲದಿದ್ದರೆ ಲೇತಿನವನು ತೆಳುವಾದ ತೋಳು ಹಾಕಿಕೊಡುತ್ತಾನೆ.

ಟೊಮೇಟೊ ಬೆಳೆಯುವ ನಮ್ಮ ಕಡೆ ಈ ಸೀಲಿಗೆ ಹೊಸ ಶತ್ರುವೊಂದು ಹುಟ್ಟಿದೆ. ಸಾಲಿಗೆ ಹಾಸಿದ ಮಲ್ಚಿಂಗ್ ಹಾಳೆ, ಗಿಡ ಕಟ್ಟಿದ ಪ್ಲಾಸ್ಟಿಕ್ ದಾರ. ಬೆಳೆ ಮುಗಿದ ಮೇಲೆ ಅವನ್ನು ಆಯದೆ ಹೊಲಕ್ಕೆ ರೋಟರಿ ಹೊಡೆದರೆ ಹಾಳೆಯೂ ದಾರವೂ ತಿರುಗುವ ದಂಡಕ್ಕೆ ಸುತ್ತಿಕೊಂಡು, ಬಿಗಿದು, ಸೀಲಿನ ಸಂದಿಗೆ ನುಗ್ಗಿ ತುಟಿಯನ್ನು ಕೊಯ್ದುಬಿಡುತ್ತವೆ. ಸಂಜೆ ಯಂತ್ರ ಬಿಡುವ ಮುನ್ನ ಐದು ನಿಮಿಷ ಬಗ್ಗಿ, ಎಂಜಿನ್ ನಿಲ್ಲಿಸಿದ ಮೇಲೆಯೇ, ಆ ದಾರವನ್ನು ಕತ್ತರಿಸಿ ತೆಗೆದರೆ ಸೀಲು ಉಳಿಯುತ್ತದೆ. ಬಾಡಿಗೆಗೆ ಹೋಗುವ ಡ್ರೈವರು ಎಕರೆ ಲೆಕ್ಕದ ಕೂಲಿಗೆ ಓಡುತ್ತಿರುವಾಗ ಆ ಐದು ನಿಮಿಷ ಯಾರ ಲೆಕ್ಕಕ್ಕೆ? ಇದನ್ನೂ ಯಂತ್ರದ ಯಜಮಾನರು ಯೋಚಿಸಬೇಕು. ಆ ಹೊತ್ತಿಗೂ ಕೂಲಿ ಕೊಟ್ಟರೆ ನಷ್ಟವಿಲ್ಲ.

ಪ್ಯಾಕಿಂಗುಗಳ ಮಾತು ಹೆಚ್ಚು ಬೇಡ. ಬೆಂಡಿನ ಪ್ಯಾಕಿಂಗನ್ನು ಶಕ್ತಿ ಇದೆಯೆಂದು ಬಿಗಿದರೆ ಅದು ಹಿಂಡಿ ಹೊರಬರುತ್ತದೆ, ತಗಡಿನ ಮುಚ್ಚಳ ಬೋಲ್ಟಿನ ಬಳಿ ತಗ್ಗಾಗುತ್ತದೆ. ಆ ತಗ್ಗನ್ನು ಮೊದಲು ಸಮ ಮಾಡದೆ ಹೊಸ ಪ್ಯಾಕಿಂಗು ಹಾಕಿ ಫಲವಿಲ್ಲ. ಎಣ್ಣೆ ಬಿಡುವ ಬೋಲ್ಟಿನ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಒಂದು ವಾಷರು ಎಷ್ಟೋ ಸಲ ಬರುತ್ತದೆ.

ಆದರೆ ಪೇಸ್ಟಿನ ಪಂಥದವರ ವಿಷಯದಲ್ಲಿ ನಮಗೆ ದಾಕ್ಷಿಣ್ಯವಿಲ್ಲ. ಸೋರಿಕೆ ಎಲ್ಲೇ ಇರಲಿ, ಹೊರಗಿನಿಂದ ಟ್ಯೂಬು ಹಿಂಡಿ ಸಿಲಿಕೋನ್ ಬಳಿದು, ಕೂಲಿ ಎಣಿಸಿಕೊಂಡು ಕಳುಹಿಸುವ ಒಂದು ಪಂಥ ಬಲವಾಗಿ ಬೆಳೆದಿದೆ. ಎಣ್ಣೆಯ ಜಿಡ್ಡಿನ ಮೇಲೆ ಪೇಸ್ಟು ಹಿಡಿಯುವುದಿಲ್ಲ. ಒಳಗೆ ಅತಿಯಾಗಿ ಬಳಿದರಂತೂ ಹಿಂಡಿ ಹೊರಬಂದ ಎಳೆ ಕಿತ್ತು ಎಣ್ಣೆಯಲ್ಲಿ ತೇಲಿ ಜರಡಿಗೆ ಹೋಗಿ ಅಡ್ಡ ನಿಲ್ಲುತ್ತದೆ. ಎಣ್ಣೆ ಮೇಲೇರದೆ ಬೇರಿಂಗು ಒಣಗಿ, ಹನಿ ಹನಿಯಾಗಿ ಸೋರುತ್ತಿದ್ದ ಯಂತ್ರ ಒಂದೇ ದಿನದಲ್ಲಿ ಜಾಮ್ ಆಗುತ್ತದೆ. ಆಗ ಷೋರೂಮಿನವರು "ನಾವು ಹೇಳಲಿಲ್ಲವೇ, ಹಳೆಯ ಯಂತ್ರ!" ಎನ್ನುತ್ತಾರೆ. ಕಳಪೆ ಕೆಲಸ ಮಾಡುವ ಬಡ ಮೆಕ್ಯಾನಿಕ್ಕು ತಿಳಿಯದೆಯೇ ದೊಡ್ಡ ವ್ಯಾಪಾರಿಯ ದಲ್ಲಾಳಿಯಾಗುವುದು ಹೀಗೆ.

"ಸ್ವಲ್ಪ ಸೋರಿದರೇನಾಯಿತು, ಎಣ್ಣೆ ಸುರಿದುಕೊಂಡು ಓಡಿಸಿದರಾಯಿತು" ಎನ್ನುವವರು ನಮ್ಮವರಲ್ಲೇ ಬಹಳ. ಲೆಕ್ಕ ಹಾಕೋಣ. ಹತ್ತು ಸೆಕೆಂಡಿಗೆ ಒಂದೇ ಹನಿ ಎನ್ನಿ. ಗಂಟೆಗೆ 360 ಹನಿ, ಎಂಟು ಗಂಟೆಯ ದುಡಿಮೆಗೆ 2880 ಹನಿ. 25 ಹನಿಗೆ ಒಂದು ಮಿಲಿಲೀಟರು ಹಿಡಿದರೂ ದಿನಕ್ಕೆ 115 ಮಿಲಿಲೀಟರು. ಒಂಬತ್ತು ದಿನಕ್ಕೆ ಒಂದು ಲೀಟರು ಮಣ್ಣುಪಾಲು. ಒಂದೇ ಹಂಗಾಮಿನಲ್ಲಿ ಸೋರುವ ಎಣ್ಣೆಯ ಬೆಲೆ ಸೀಲಿನ ಬೆಲೆಯನ್ನೂ ಹಾಕುವವನ ಕೂಲಿಯನ್ನೂ ದಾಟುತ್ತದೆ. ಟ್ರ್ಯಾಕ್ಟರಿನ ಹಿಂದಿನ ಆಕ್ಸಲ್ ಸೀಲು ಸೋರಿದರಂತೂ ಎಣ್ಣೆ ಬ್ರೇಕಿನ ಮೇಲೆ ಬೀಳಬಹುದು. ಮಾವಿನ ಕ್ರೇಟು ಹೇರಿದ ಟ್ರೈಲರು ಹಿಂದೆ ಇದ್ದು, ಮುಂದೆ ಇಳಿಜಾರು ಇದ್ದು, ಬ್ರೇಕು ಜಾರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕೇ? ಹಾಗೆಂದು ಪ್ರತಿ ತೇವಕ್ಕೂ ಯಂತ್ರ ಬಿಚ್ಚಬೇಕಿಲ್ಲ. ಒರೆಸಿದ ಮೇಲೆ ನಾಲ್ಕಾರು ದಿನ ಒಣಗಿಯೇ ಇರುವ ಬೆವರಿಕೆಯನ್ನು ಹಾಗೇ ಬಿಡುವುದು ವಿವೇಕ.

ಈಗ ನಮ್ಮ ನಿಜವಾದ ಜಗಳಕ್ಕೆ ಬರುತ್ತೇವೆ.

ಜಿಲ್ಲೆಯ ಒಂದು ಷೋರೂಮಿಗೆ (ಹೆಸರು ಈ ಸಲ ಬೇಡ) ನಮ್ಮ ಪರಿಚಯದ ಮಿಲ್ ಕಾರ್ಮಿಕರೊಬ್ಬರ ಜೊತೆ ನಾವೇ ಹೋಗಿದ್ದೆವು. ಬೇಕಾಗಿದ್ದುದು ಒಂದು ಸೀಲು. "ಸೀಲು ಬಿಡಿಯಾಗಿ ಕೊಡುವುದಿಲ್ಲ, ಅಸೆಂಬ್ಲಿ ಸಮೇತ ತೆಗೆದುಕೊಳ್ಳಿ" ಎಂಬ ಉತ್ತರ ಬಂತು. ನಂಬರಾದರೂ ಕೊಡಿ ಎಂದರೆ "ಅದು ಕಂಪ್ಯೂಟರಿನಲ್ಲಿದೆ, ಗಿರಾಕಿಗಳಿಗೆ ತೋರಿಸುವಂತಿಲ್ಲ" ಎಂದರು. ಆಮೇಲೆ ಕುರ್ಚಿ ಹಾಕಿ, ಕಾಫಿ ತರಿಸಿ, ಹೊಸ ಯಂತ್ರದ ಚಿತ್ರಪಟ ಕೈಗಿತ್ತರು! ಕೆಲವು ನೂರು ರೂಪಾಯಿಯ ಗಿರಾಕಿಗೆ ಬಾಗಿಲು ಮುಚ್ಚಿತು, ಎರಡು ಲಕ್ಷಕ್ಕೂ ಮೇಲಿನ ಸಾಲಗಾರನಿಗೆ ಕಾಫಿ ಬಂತು. ನಾವು ಕಾಫಿ ಕುಡಿಯದೆ ಎದ್ದೆವು. ಹಳೆಯ ಸೀಲಿನ ಜಿಡ್ಡು ಒರೆಸಿ ಅಂಕಿ ಓದಿ, ಸಂತೆಬೀದಿಯ ಅಂಗಡಿಯಲ್ಲಿ ಅದೇ ಅಳತೆಯದನ್ನು ತಂದು ಹಾಕಿಸಿದೆವು. ಯಂತ್ರ ಈಗಲೂ ಓಡುತ್ತಿದೆ.

ಸರ್ಕಾರದ ನೀತಿ ಯಾರ ಕಡೆಗೆ ವಾಲಿದೆ? 2014-15ರಿಂದ ಕೇಂದ್ರದ ಯಾಂತ್ರೀಕರಣ ಯೋಜನೆಯಲ್ಲಿ ಯಂತ್ರ ಕೊಳ್ಳಲು ಸಹಾಯಧನವಿದೆ. ಅದೇ ಕಾಲಕ್ಕೆ ನಮ್ಮ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳೂ ಬಂದವು. ಬಾಡಿಗೆಗೆ ಯಂತ್ರ ಸಿಗುವುದು ಒಳ್ಳೆಯದೇ, ನಾವು ವಿರೋಧಿಸುವುದಿಲ್ಲ. ಆದರೆ ಇರುವ ಯಂತ್ರವನ್ನು ಉಳಿಸಿಕೊಳ್ಳುವ ರೈತನಿಗೆ ಏನಿದೆ? 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ಟ್ರ್ಯಾಕ್ಟರಿನ ಕೆಲವು ಬಿಡಿಭಾಗಗಳಿಗೂ 18ರಿಂದ 5ಕ್ಕೆ ಇಳಿಸಿದರು. ಸ್ವಾಗತ. ಎಂಜಿನ್ ಆಯಿಲಿಗೆ ಮಾತ್ರ ಅದೇ 18! ಹೊಸ ಯಂತ್ರ ಕೊಳ್ಳುವವನಿಗೆ ರಿಯಾಯಿತಿ, ಹಳೆಯದಕ್ಕೆ ಎಣ್ಣೆ ಹಾಕುವವನಿಗೆ ದಂಡ. ಈ ತಕ್ಕಡಿಯನ್ನು ಯಾವ ಅಂಗಡಿಯಲ್ಲಿ ತಯಾರಿಸಿದರೋ!

ದುರಸ್ತಿಯ ಹಕ್ಕು ಎಂಬ ಮಾತು ದೆಹಲಿಗೆ ತಿಳಿಯದ್ದೇನೂ ಅಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಈ ಬಗ್ಗೆ ಒಂದು ಸಮಿತಿ ಮಾಡಿತು. ಮೊದಲು ಕೈಗೆತ್ತಿಕೊಳ್ಳಬೇಕಾದ ನಾಲ್ಕು ಬಾಬುಗಳಲ್ಲಿ ಕೃಷಿ ಉಪಕರಣವೂ ಒಂದು ಎಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಂಪ್ಯೂಟರಿನಲ್ಲಿ ನೋಡುವ ಒಂದು ತಾಣವನ್ನೂ ತೆರೆದರು. ತಾಣದಿಂದ ಸೀಲು ಉದುರುವುದಿಲ್ಲ. ಅಮೆರಿಕದ ಕೊಲೊರಾಡೊ ಸಂಸ್ಥಾನದಲ್ಲಿ 2023ರಲ್ಲಿ ಕಾನೂನೇ ಆಯಿತು: ಕೃಷಿ ಯಂತ್ರ ತಯಾರಿಸುವವರು ಬಿಡಿಭಾಗವನ್ನೂ ಉಪಕರಣವನ್ನೂ ದುರಸ್ತಿಯ ಪುಸ್ತಕವನ್ನೂ ಯಜಮಾನನಿಗೆ ಮತ್ತು ಹೊರಗಿನ ಮೆಕ್ಯಾನಿಕ್ಕಿಗೆ ಕೊಡಲೇಬೇಕು. ನೂರಾರು ಎಕರೆಯ ಅಮೆರಿಕದ ರೈತನಿಗೆ ಬೇಕಾದ ಕಾನೂನು ಎರಡು ಎಕರೆಯ ಮುಳಬಾಗಿಲಿನವನಿಗೆ ಬೇಡವೇ?

ದುರಸ್ತಿಯ ವಿದ್ಯೆ ಈ ಜಿಲ್ಲೆಯಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಕೋಲಾರ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದ ಸುರಂಗಗಳಿಂದ ನೀರೆತ್ತುವ ಪಂಪನ್ನೂ ಮನುಷ್ಯರನ್ನು ಇಳಿಸಿ ಏರಿಸುವ ಯಂತ್ರವನ್ನೂ ನಡೆಸಿಕೊಂಡು ಬಂದವರು ಇಲ್ಲಿನ ಫಿಟ್ಟರುಗಳೇ. 2001ರಲ್ಲಿ ಗಣಿ ಮುಚ್ಚಿತು. ಅಂಥ ಕೈಗಳನ್ನು ಹುಡುಕಿ ಐ.ಟಿ.ಐ. ಹುಡುಗರ ಮುಂದೆ ನಿಲ್ಲಿಸುವ ಬುದ್ಧಿ ಯಾವ ಸರ್ಕಾರಕ್ಕೂ ಬರಲಿಲ್ಲ. ಐ.ಟಿ.ಐ. ಮುಗಿಸಿದ ಹುಡುಗ ಇಂದು ನರಸಾಪುರದ ಕಾರ್ಖಾನೆಯ ಗೇಟಿನಲ್ಲಿ ಗುತ್ತಿಗೆಯ ಚೀಟಿಗೆ ಕಾಯುತ್ತಾನೆ. ಅವನ ಊರಿನಲ್ಲೇ ಹತ್ತು ಟಿಲ್ಲರು ಎಣ್ಣೆ ಸೋರುತ್ತ ನಿಂತಿರುತ್ತವೆ.

ಇನ್ನೊಂದು ಸೋರಿಕೆ ಎಲ್ಲರ ಬಾಯಿಗೂ ಬರುವಂಥದು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಕೆರೆಯೇ ದಿಕ್ಕು, ಇಲ್ಲವೇ ಸಾವಿರ ಅಡಿ ಇಳಿದ ಕೊಳವೆಬಾವಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿಯಿಂದ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದರ ಶುದ್ಧಿಯ ಬಗ್ಗೆ ನಾವೆಲ್ಲ ದನಿಯೆತ್ತಿದ್ದೇವೆ, ಎತ್ತಬೇಕು. ಆದರೆ ಕೆರೆಯಂಗಳದಲ್ಲೇ ಟ್ರ್ಯಾಕ್ಟರು ನಿಲ್ಲಿಸಿ ಬೋಲ್ಟು ಬಿಚ್ಚಿ ಕರಿ ಎಣ್ಣೆ ಬಿಡುವವರಿಗೆ ಆ ದನಿಯೆತ್ತುವ ಹಕ್ಕು ಎಷ್ಟಿದೆ? 2016ರ ನಿಯಮಗಳಂತೆ ಅದು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಎಣ್ಣೆ ಮಾರುವ ಕಂಪನಿಗಳೇ ಹಳೆಯ ಎಣ್ಣೆಯ ಮರುಸಂಸ್ಕರಣೆಗೆ ಹೊಣೆಯೆಂದು ಮತ್ತೊಂದು ನಿಯಮವಾಗಿದೆ. ಹಾಗಿದ್ದರೆ ಅವರ ಪೀಪಾಯಿ ಎಲ್ಲಿ? ಕೋಲಾರದ ಟೊಮೇಟೊ ಮಾರುಕಟ್ಟೆಗೆ ಬರುವ ಟ್ರ್ಯಾಕ್ಟರು, ಟೆಂಪೋಗಳಿಗೆ ಲೆಕ್ಕವಿಲ್ಲ; ಅಲ್ಲೊಂದು, ಪ್ರತಿ ಹೋಬಳಿಯಲ್ಲೊಂದು ಪೀಪಾಯಿ ಇಡಿಸಿ ಎಂದು ನಾವು ಕೇಳುತ್ತೇವೆ.

ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತಿದೆ, ಬೇಸರಿಸಬಾರದು. ಹೆಸರಿಲ್ಲದ ಡಬ್ಬಿಯಲ್ಲಿ ಬರುವ ನಕಲಿ ಸೀಲನ್ನು ಅಸಲಿಯ ಬೆಲೆಗೆ ಮಾರುವ ಅಂಗಡಿಗಳು ನಮ್ಮ ಬೀದಿಯಲ್ಲೂ ಇವೆ. ಒಂದು ತಿಂಗಳಲ್ಲಿ ತುಟಿ ಒಡೆದ ಸೀಲಿನ ಗಿರಾಕಿ ಮತ್ತೆ ನಿಮ್ಮ ಬಳಿಗೆ ಬರುವುದಿಲ್ಲ. ನೆಟ್ಟಗೆ ಷೋರೂಮಿನ ಕುರ್ಚಿಗೆ ಹೋಗುತ್ತಾನೆ. ಅಗ್ಗದ್ದನ್ನು ಅಗ್ಗದ್ದೆಂದೇ ಹೇಳಿ ಮಾರಿ, ಬಿಲ್ಲು ಕೊಡಿ, ಬಿಲ್ಲಿನಲ್ಲಿ ಸೀಲಿನ ಮೂರು ಅಂಕಿ ಬರೆಯಿರಿ.

ಈ ಅಂಕಿಗಳನ್ನು ನಾವು ಒಟ್ಟುಗೂಡಿಸಲು ಹೊರಟಿದ್ದೇವೆ. ಯಾವ ಮಾದರಿಯ ಟಿಲ್ಲರು ಅಥವಾ ಟ್ರ್ಯಾಕ್ಟರು, ಯಾವ ಜಾಗದ ಸೀಲು, ಅದರ ಮೂರು ಅಂಕಿ, ಯಾವ ಊರಿನಲ್ಲಿ ಎಷ್ಟು ಬೆಲೆಗೆ ಸಿಕ್ಕಿತು, ಎಷ್ಟು ದಿನ ಬಾಳಿತು, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ಕಚೇರಿಗೆ ಕಳುಹಿಸಿ. ಮಿಲ್ಲಿನಲ್ಲಿರುವ ಫಿಟ್ಟರ್ ಗೆಳೆಯರು ಊರಿಗೆ ಹೋದಾಗ ನೆರೆಮನೆಯ ಯಂತ್ರದ ಅಳತೆಯನ್ನೂ ತೆಗೆದುಕೊಂಡು ಬರಲಿ. ನಾಲ್ಕು ತಾಲ್ಲೂಕಿನ ಕಾರ್ಡುಗಳು ಬಂದ ಕೂಡಲೇ ಪಟ್ಟಿ ಮಾಡಿ ಈ ಪುಟದಲ್ಲೇ ಅಚ್ಚು ಹಾಕುತ್ತೇವೆ. ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿಕೊಳ್ಳಬಹುದು. ಷೋರೂಮಿನ ಕಂಪ್ಯೂಟರಿಗೂ ಒಂದು ಪ್ರತಿ ಕಳುಹಿಸಿಕೊಡುತ್ತೇವೆ.